ಫ್ಯಾನಿನ ಮುಖ ನೋಡಿ ದಾರಿ ಹಿಡಿಯುವುದು

ಕಳೆದ ಜೂನ್ ತಿಂಗಳ ಮೊದಲ ವಾರದಲ್ಲಿ ಮಂಡ್ಯದಿಂದ ಚಿತ್ರದುರ್ಗಕ್ಕೆ ವರ್ಗವಾಗಿ ಬಂದಾಗ ಮನೆಯ ಸಾಮಾನೆಲ್ಲವನ್ನೂ ಲಾರಿಗೆ ಹಾಕಿದೆವು. ಸೈಕಲ್ಲನ್ನು ಮಾತ್ರ ನಾನು ಚಕ್ರ ಬಿಚ್ಚಿ, ಹಳೆಯ ಕಂಬಳಿಯೊಂದರಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದೆ. ಒಂಬತ್ತು ವರ್ಷ ಮಂಡ್ಯದ ಸುತ್ತಲಿನ ನಾಲೆ ಏರಿಗಳ ಮೇಲೆ ಓಡಿದ ಸೈಕಲ್ಲು ಅದು. ಅಲ್ಲಿ ನನ್ನ ಲೆಕ್ಕವೆಲ್ಲ ದೂರದ ಲೆಕ್ಕವಾಗಿತ್ತು. ವಿಶ್ವೇಶ್ವರಯ್ಯ ನಾಲೆಯ ಪಕ್ಕದಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ ಇಪ್ಪತ್ತು ಕಿಲೋಮೀಟರ್ ಬಂದರೆ ಎರಡು ಗಂಟೆ, ಮೂವತ್ತಾದರೆ ಮೂರು ಗಂಟೆ. ಎರಡೂ ಬದಿಗೆ ಕಬ್ಬು, ಅಲ್ಲಲ್ಲಿ ತೆಂಗು, ಸಮತಟ್ಟಾದ ನೆಲ. ಹೊಸ ಊರಿನಲ್ಲಿಯೂ ಮಾಡಬೇಕಾದದ್ದು ಇಷ್ಟೇ, ನಕ್ಷೆಯನ್ನು ತೆರೆದು ಮೂವತ್ತು ಕಿಲೋಮೀಟರ್ ತ್ರಿಜ್ಯದಲ್ಲಿ ಒಳ್ಳೆಯ ರಸ್ತೆಗಳನ್ನು ಗುರುತು ಹಾಕಿಕೊಳ್ಳುವುದು ಎಂದು ನಾನು ನಂಬಿದ್ದೆ. ಬಂದ ಮೂರನೆಯ ದಿನ ರಾತ್ರಿಯೇ ಅಂಥ ಎಂಟು ದಾರಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಪಟ್ಟಿಯಲ್ಲಿ ಇಂದು ಉಳಿದಿರುವುದು ಮೂರೇ, ಅವೂ ನಾನು ಬರೆದ ದಿಕ್ಕಿನಲ್ಲಿ ಉಳಿದಿಲ್ಲ.

ಮೊದಲ ಭಾನುವಾರ ಚಳ್ಳಕೆರೆಯ ರಸ್ತೆಯನ್ನು ಆರಿಸಿಕೊಂಡೆ. ಎಣ್ಣೆ ಗಿರಣಿಗಳ ಊರು ಎಂದು ಹೆಸರಾದ ಚಳ್ಳಕೆರೆ ದುರ್ಗದಿಂದ ಪೂರ್ವಕ್ಕೆ, ತುಸು ಉತ್ತರಕ್ಕೆ ವಾಲಿದಂತೆ, ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿದೆ. ಬೆಳಿಗ್ಗೆ ಏಳು ಗಂಟೆಗೆ ಹೊರಟಾಗ ಊರೊಳಗೆ ಗಾಳಿಯ ಸುಳಿವೇ ಇರಲಿಲ್ಲ. ಊರು ದಾಟಿ ಬಯಲಿಗೆ ಬಿದ್ದ ಮೇಲೆ ಸೈಕಲ್ಲು ತಾನಾಗಿಯೇ ಹಗುರವಾಯಿತು. ತುಳಿಯುವ ಶ್ರಮವೇ ಇಲ್ಲದೆ ಮೂವತ್ತು ಕಿಲೋಮೀಟರ್ ವೇಗ ಬರುತ್ತಿತ್ತು. ಮಂಡ್ಯದಲ್ಲಿ ಎಂದೂ ಕಾಣದ ಈ ವೇಗಕ್ಕೆ ಒಣ ಹವೆ ಮತ್ತು ಒಳ್ಳೆಯ ಡಾಂಬರು ಕಾರಣವೆಂದು ಭಾವಿಸಿ, ಸಂತೋಷದಿಂದ ಇಪ್ಪತ್ತೈದು ಕಿಲೋಮೀಟರ್ ಹೋಗಿ, ಒಂದು ಬೇವಿನ ಮರದ ಕೆಳಗೆ ನೀರು ಕುಡಿದು, ಮನೆಗೆ ಹಿಂದಿರುಗಲು ಸೈಕಲ್ಲನ್ನು ತಿರುಗಿಸಿದೆ. ಆಗಲೇ ಗಾಳಿಯ ಸದ್ದು ಕಿವಿಗೆ ಬಿದ್ದದ್ದು. ಅಲ್ಲಿಯವರೆಗೆ ನನ್ನ ಬೆನ್ನ ಹಿಂದೆ ನನ್ನದೇ ವೇಗದಲ್ಲಿ ಬರುತ್ತಿದ್ದುದರಿಂದ ಅದು ಕೇಳಿಸಿರಲೇ ಇಲ್ಲ. ಹೋಗುವುದಕ್ಕೆ ಐವತ್ತೈದು ನಿಮಿಷ ಹಿಡಿದ ದಾರಿಗೆ ಬರುವಾಗ ಸುಮಾರು ಮೂರು ಗಂಟೆ ಹಿಡಿಯಿತು. ಇಳಿಜಾರಿನಲ್ಲಿಯೂ ತುಳಿಯಬೇಕಾಯಿತು, ತುಳಿಯುವುದನ್ನು ನಿಲ್ಲಿಸಿದರೆ ಸೈಕಲ್ಲು ಇಳಿಜಾರಿನಲ್ಲಿಯೇ ನಿಂತುಬಿಡುತ್ತಿತ್ತು.

ದಾರಿಯಲ್ಲಿ ಚಹಾದ ಗೂಡಂಗಡಿಯೊಂದರ ಮುಂದೆ ಸೈಕಲ್ಲು ನಿಲ್ಲಿಸಿ ಕುಳಿತಾಗ, ಬೆಂಚಿನ ಮೇಲಿದ್ದ ಹಿರಿಯರೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ, "ಯಾವೂರ್ ಸಾರ್ ನಿಮ್ದು?" ಎಂದು ಕೇಳಿದರು. ಹೇಳಿದೆ. "ಅದ್ಕೇ ಮತ್ತೆ. ಇದು ಗಾಳಿ ಕಾಲ. ಹೋಗೋವಾಗ ಎದುರ್ಗಾಳಿ ತಗಳ್ರಿ, ಬರೋವಾಗ ಅದೇ ನೂಕ್ಕೊಂಡ್ ಬಂದು ಮನೆಗೆ ಬಿಡ್ತದೆ" ಎಂದರು. ಅವರು ಬಹುಶಃ ಎಷ್ಟೋ ವರ್ಷ ಹಾಲಿನ ಕ್ಯಾನು ಕಟ್ಟಿಕೊಂಡೋ ಶೇಂಗಾ ಮೂಟೆ ಹೇರಿಕೊಂಡೋ ಇದೇ ರಸ್ತೆಯಲ್ಲಿ ಸೈಕಲ್ಲು ತುಳಿದವರಿರಬೇಕು. ನಾನು, "ಗಾಳಿ ಯಾವ ಕಡೆಯದು ಅಂತ ಮನೆಯಿಂದ ಹೊರಡೋ ಮೊದಲೇ ಹೇಗೆ ಗೊತ್ತಾಗುತ್ತೆ ಯಜಮಾನ್ರೇ?" ಎಂದು ಕೇಳಿದೆ. ಅವರು ಮಾತನಾಡದೆ ಗದ್ದವೆತ್ತಿ ಪಶ್ಚಿಮದ ಬೆಟ್ಟಸಾಲನ್ನು ತೋರಿಸಿದರು. ಅಲ್ಲಿ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಇಲ್ಲಿಯವರು ಅವನ್ನು ಫ್ಯಾನು ಎನ್ನುತ್ತಾರೆ.

ಆ ಗದ್ದದ ಸನ್ನೆ ನನಗೆ ಪೂರ್ತಿಯಾಗಿ ಅರ್ಥವಾಗಲು ಒಂದು ವಾರ ಬೇಕಾಯಿತು. ಗಾಳಿಯಂತ್ರದ ತುದಿಯಲ್ಲಿ, ರೆಕ್ಕೆಗಳ ಹಿಂದೆ, ಯಂತ್ರಗಳನ್ನು ತುಂಬಿದ ಉದ್ದನೆಯ ಪೆಟ್ಟಿಗೆಯೊಂದಿರುತ್ತದೆ. ಅದರ ಮೇಲಿರುವ ಪುಟ್ಟ ಸಾಧನವು ಗಾಳಿಯ ದಿಕ್ಕನ್ನು ಅಳೆಯುತ್ತಿರುತ್ತದೆ, ಮತ್ತು ಆ ಅಳತೆಗೆ ತಕ್ಕಂತೆ ಇಡೀ ಪೆಟ್ಟಿಗೆಯು ಕಂಬದ ಮೇಲೆ ನಿಧಾನವಾಗಿ ಹೊರಳಿ ರೆಕ್ಕೆಗಳ ಮುಖವನ್ನು ಗಾಳಿ ಬರುವ ದಿಕ್ಕಿಗೇ ಒಡ್ಡಿಕೊಳ್ಳುತ್ತದೆ. ಹೀಗಾಗಿ ಫ್ಯಾನು ಎತ್ತ ಮುಖ ಮಾಡಿದೆಯೋ ಗಾಳಿ ಅತ್ತಲಿಂದ ಬರುತ್ತಿದೆ ಎಂದರ್ಥ. ಸೈಕಲ್ಲು ತುಳಿಯುವವನಿಗೆ ಇದರಿಂದ ದೊರಕುವ ಸೂತ್ರ ಬಹಳ ಸರಳ: ನಾನು ಹೋಗುತ್ತಿರುವ ದಿಕ್ಕಿನಲ್ಲಿರುವ ಫ್ಯಾನಿನ ಮುಖ ನನಗೆ ಕಂಡರೆ ಗಾಳಿ ನನ್ನ ಬೆನ್ನಿಗಿದೆ, ಅದರ ಬೆನ್ನು ಕಂಡರೆ ಗಾಳಿ ನನ್ನ ಮುಖಕ್ಕಿದೆ, ಪೆಟ್ಟಿಗೆಯು ಪಕ್ಕದಿಂದ ಉದ್ದವಾಗಿ ಕಂಡರೆ ಅಡ್ಡಗಾಳಿ. ತಿರುಗುವ ವೇಗವನ್ನು ಮಾತ್ರ ನಂಬಬಾರದು. ಗಾಳಿ ಜೋರಾದಂತೆ ರೆಕ್ಕೆಗಳು ತಮ್ಮ ಓರೆಯನ್ನು ಬದಲಿಸಿಕೊಂಡು ವೇಗವನ್ನು ಒಂದು ಮಿತಿಯಲ್ಲಿಯೇ ಇಟ್ಟುಕೊಳ್ಳುವುದರಿಂದ ಸಾಧಾರಣ ಗಾಳಿಗೂ ಬಿರುಸಾದ ಗಾಳಿಗೂ ನೋಟದಲ್ಲಿ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಸಾಲಿಗೆ ಸಾಲೇ ನಿಂತಿದ್ದರೆ ಅಂದು ಗಾಳಿ ಗಂಟೆಗೆ ಹತ್ತು ಕಿಲೋಮೀಟರ್ ಆಸುಪಾಸಿಗಿಂತ ಹೆಚ್ಚಿಲ್ಲವೆಂದು ತಿಳಿದು ಎತ್ತ ಬೇಕಾದರೂ ಹೋಗಬಹುದು. ಈಗ ಬೆಳಿಗ್ಗೆ ಮಾಳಿಗೆಗೆ ಹೋಗಿ ಫ್ಯಾನುಗಳನ್ನು ನೋಡಿದ ಮೇಲೆಯೇ ನಾನು ಶೂ ಕಟ್ಟಿಕೊಳ್ಳುತ್ತೇನೆ.

ಗಾಳಿಯನ್ನು ನಾನು ಇಷ್ಟು ದೊಡ್ಡದು ಮಾಡುತ್ತಿರುವುದಕ್ಕೆ ಕಾರಣವಿದೆ. ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ, ಮತ್ತು ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬೀಸಿದರೆ ಅವನ ಮೈಗೆ ತಾಗುವುದು 40 ಕಿ.ಮೀ. ವೇಗದ ಗಾಳಿ, ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇನ್ನೊಂದು ವಿಷಯವನ್ನು ನಾನು ಕಾಗದದ ಮೇಲೆ ಲೆಕ್ಕ ಮಾಡುವವರೆಗೆ ನಂಬಿರಲಿಲ್ಲ. ಹೋಗುವಾಗ ಕಳೆದುಕೊಂಡ ಸಮಯವನ್ನು ಬರುವಾಗ ಗಾಳಿ ಹಿಂದಿರುಗಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ಗಾಳಿಯಿಲ್ಲದ ದಿನ 20 ಕಿ.ಮೀ. ವೇಗದಲ್ಲಿ 20 ಕಿ.ಮೀ. ಹೋಗಿ ಬರಲು ಎರಡು ಗಂಟೆ ಸಾಕು. ಎದುರುಗಾಳಿಯಲ್ಲಿ ವೇಗ 12ಕ್ಕೆ ಇಳಿದರೆ ಹೋಗುವುದಕ್ಕೇ ಒಂದು ಗಂಟೆ ನಲವತ್ತು ನಿಮಿಷ. ಬರುವಾಗ 28ಕ್ಕೆ ಏರಿದರೆ ನಲವತ್ತಮೂರು ನಿಮಿಷ. ಒಟ್ಟು ಎರಡು ಗಂಟೆ ಇಪ್ಪತ್ತಮೂರು ನಿಮಿಷ. ಕಷ್ಟದ ವೇಗದಲ್ಲಿ ಹೆಚ್ಚು ಹೊತ್ತು ಕಳೆಯುತ್ತೇವೆ, ಸುಖದ ವೇಗದಲ್ಲಿ ಕಡಿಮೆ ಹೊತ್ತು. ಗಾಳಿ ಕಾಲದಲ್ಲಿ ದೂರವನ್ನು ಮೊಟಕುಗೊಳಿಸುವುದಲ್ಲದೆ ಬೇರೆ ದಾರಿಯಿಲ್ಲ.

ಹಾಗಾದರೆ ಈ ಗಾಳಿ ಊರೊಳಗೆ ಏಕೆ ತಿಳಿಯುವುದಿಲ್ಲ? ಕೋಟೆಯ ಬೆಟ್ಟಗಳು ಊರಿನ ಪಶ್ಚಿಮಕ್ಕೂ ನೈಋತ್ಯಕ್ಕೂ ನಿಂತಿವೆ; ಹಳೆಯ ಊರು ಅವುಗಳ ಪೂರ್ವದ ಬುಡದಲ್ಲಿ, ಮರೆಯಲ್ಲಿ ಬೆಳೆದಿದೆ. ಮುಂಗಾರಿನಲ್ಲಿ ಮಲೆನಾಡನ್ನು ದಾಟಿ, ಮಳೆಯನ್ನೆಲ್ಲ ಅಲ್ಲಿಯೇ ಸುರಿಸಿ ಬರುವ ಪಶ್ಚಿಮದ ಗಾಳಿಗೆ ಕೋಟೆಯೇ ಅಡ್ಡ ಗೋಡೆ. ಮದಕರಿನಾಯಕರ ಕಾಲದಲ್ಲಿ ಏಳು ಸುತ್ತಿನ ಕೋಟೆ ಯಾರನ್ನೆಲ್ಲ ತಡೆದಿತ್ತೆಂಬುದನ್ನು ದುರ್ಗದ ಮಕ್ಕಳೂ ಹೇಳುತ್ತಾರೆ. ಅದು ಪ್ರತಿ ಆಷಾಢದಲ್ಲಿ ಊರಿಗೆ ಬರುವ ಗಾಳಿಯನ್ನೂ ತಡೆಯುತ್ತಿದೆ ಎಂಬುದು ನನಗೆ ಸೈಕಲ್ಲಿನ ಮೇಲೆ ಕುಳಿತು ತಿಳಿಯಿತು. ಕೋಟೆಯ ಬೆಟ್ಟಗಳು ಗ್ರಾನೈಟ್ ಬಂಡೆಗಳು. ಇವುಗಳಿಗಿಂತ ಬೇರೆಯಾದ, ಗದಗಿನ ಕಡೆಯಿಂದ ಹಿಡಿದು ದುರ್ಗವನ್ನು ಹಾದು ದಕ್ಷಿಣಕ್ಕೆ ಬಹುದೂರ ಹೋಗುವ ಪುರಾತನ ಶಿಲಾಪಟ್ಟಿಯ ಬೆಟ್ಟಸಾಲುಗಳು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಮಲಗಿವೆ. ಅಂದರೆ ಪಶ್ಚಿಮದ ಗಾಳಿಗೆ ಸರಿಯಾಗಿ ಅಡ್ಡವಾಗಿ. ಗಾಳಿ ಆ ಸಾಲನ್ನು ಏರಿ ದಾಟುವಾಗ ನೆತ್ತಿಯ ಮೇಲೆ ವೇಗ ಪಡೆಯುತ್ತದೆ. ಫ್ಯಾನುಗಳನ್ನು ಅಲ್ಲಿಯೇ ನಿಲ್ಲಿಸಿರುವುದು ಆ ಕಾರಣಕ್ಕೆ. ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ ಅದು ಇನ್ನೂ ಬಿರುಸಾಗುತ್ತದೆ. ಆದರೆ ಸಾಲಿನ ಪೂರ್ವದ ಬುಡಕ್ಕೆ ಒತ್ತಿಕೊಂಡು ಉತ್ತರ-ದಕ್ಷಿಣವಾಗಿ ಸಾಗುವ ಹಳ್ಳಿ ರಸ್ತೆಗಳಲ್ಲಿ ಗಾಳಿ ತಲೆಯ ಮೇಲಿನಿಂದಲೇ ಹಾದುಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು ಸುಳಿ ಕೆಳಗಿಳಿದು ಸೈಕಲ್ಲನ್ನು ಅಲುಗಿಸುವುದುಂಟು, ಅಷ್ಟೆ. ನಕ್ಷೆಯಲ್ಲಿ ಎಲ್ಲ ರಸ್ತೆಗಳೂ ಒಂದೇ ಬಗೆಯ ಹಳದಿ ಗೆರೆಗಳು. ಯಾವುದು ಬೆಟ್ಟದ ಮರೆಯಲ್ಲಿದೆ, ಯಾವುದು ಸಂದಿಗೆ ಬಾಯಿ ತೆರೆದುಕೊಂಡಿದೆ ಎಂಬುದನ್ನು ಹೋಗಿ ನೋಡಿಯೇ ತಿಳಿಯಬೇಕು.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಾನು ಹೆಚ್ಚಾಗಿ ಭೀಮಸಮುದ್ರದ ಕಡೆಗೆ ಹೋದೆ. ಯಜಮಾನರು ಹೇಳಿದ ನಿಯಮಕ್ಕೆ ಸರಿಯಾಗಿ ಒಪ್ಪುವ ದಾರಿ ಅದು: ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ, ಕಾಲು ಸೋತ ಮೇಲೆ ಬೆನ್ನುಗಾಳಿ. ಬೆಳಿಗ್ಗೆ ಐದೂವರೆಗೆ ಹೊರಟರೆ ಎದುರುಗಾಳಿಯೂ ಅಷ್ಟಾಗಿ ಕಾಡುವುದಿಲ್ಲ. ರಾತ್ರಿ ನೆಲ ತಣ್ಣಗಾದಾಗ ಕೆಳಗಿನ ಗಾಳಿ ಮೇಲಿನ ಗಾಳಿಯ ಸಂಗ ಬಿಟ್ಟು ಮಂದವಾಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಮೇಲಿನ ಬಿರುಸು ಕೆಳಗಿಳಿಯುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅದು ಪೂರ್ಣ ಬಲಕ್ಕೆ ಬಂದಾಗ ನಾನು ಮನೆಯ ಕಡೆಗೆ ಮುಖ ಮಾಡಿರುತ್ತೇನೆ. ಈ ದಾರಿಯ ಸೊಗಸು ಬೆಟ್ಟಸಾಲನ್ನು ದಾಟಿದ ಮೇಲೆ ತೆರೆದುಕೊಳ್ಳುತ್ತದೆ. ಈಚೆಗೆ ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಬೆಳೆಯುವ ಮಳೆಯಾಶ್ರಿತ ಹೊಲಗಳು, ಬಂಡೆ, ಕುರುಚಲು. ಆಚೆಗೆ ಇದ್ದಕ್ಕಿದ್ದಂತೆ ಅಡಿಕೆ ತೋಟಗಳ ಕಪ್ಪು ಹಸಿರು. ಹೊಳಲ್ಕೆರೆ ಸೀಮೆಯ ಅಡಿಕೆಯ ಹೆಸರು ಕೇಳಿದ್ದರೂ, ಒಂದು ಗಂಟೆಯ ಹಿಂದೆ ಬಯಲುಸೀಮೆಯಲ್ಲಿದ್ದವನು ಅರೆಮಲೆನಾಡಿಗೆ ಬಂದಂತೆ ತಂಪು ಬದಲಾಗುವುದನ್ನು ಕಾರಿನಲ್ಲಿ ಹೋಗುವವರು ಬಹುಶಃ ಗಮನಿಸಲಾರರು. ಭೀಮಸಮುದ್ರದ ಕೆರೆಯ ಏರಿಯ ಮೇಲೆ ಕುಳಿತು ಬುತ್ತಿಯ ಚಿತ್ರಾನ್ನ ತಿನ್ನುವಾಗ ನೀರಿನ ಮೇಲಿನ ಅಲೆಗಳೆಲ್ಲ ನನ್ನ ಊರಿನ ದಿಕ್ಕಿಗೇ ಹೊರಟಿರುತ್ತಿದ್ದವು. ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ಈ ಕಡೆ ಕಬ್ಬಿಣದ ಅದಿರಿನ ಗಣಿಗಳಿರುವುದರಿಂದ ಲಾರಿಗಳ ಓಡಾಟವಿದೆ. ಕೆಂಪು ಧೂಳು ಕುಳಿತ ರಸ್ತೆಯ ಅಂಚು ಮಳೆ ಹನಿದಾಗ ಸೋಪಿನಂತೆ ಜಾರುತ್ತದೆ. ತಿರುವುಗಳಲ್ಲಿ ವೇಗವನ್ನು ಮೊದಲೇ ಇಳಿಸಿಕೊಳ್ಳಬೇಕು.

ತುರುವನೂರಿನ ರಸ್ತೆ ಅಡ್ಡಗಾಳಿಯ ರಸ್ತೆ. ದುರ್ಗದಿಂದ ನೇರ ಉತ್ತರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಹೋಗುವಾಗ ಎಡಭುಜಕ್ಕೆ ಗಾಳಿ, ಬರುವಾಗ ಬಲಭುಜಕ್ಕೆ. ಅಡ್ಡಗಾಳಿ ವೇಗವನ್ನು ಅಷ್ಟಾಗಿ ಕಸಿಯುವುದಿಲ್ಲ, ಆದರೆ ಗಮನವನ್ನು ಪೂರ್ತಿಯಾಗಿ ಕೇಳುತ್ತದೆ. ಈರುಳ್ಳಿ ಹೇರಿದ ಲಾರಿಯೊಂದು ಎದುರಿನಿಂದ ಬಂದಾಗ ಅದು ಒಂದು ಕ್ಷಣ ಗಾಳಿಯನ್ನು ಮರೆಮಾಡುತ್ತದೆ, ದಾಟಿದೊಡನೆ ಗಾಳಿ ಮತ್ತೆ ಹೊಡೆಯುತ್ತದೆ. ಒರಗಿಕೊಂಡಿದ್ದ ಗೋಡೆಯನ್ನು ಯಾರೋ ಸರಿಸಿ ಮತ್ತೆ ತಂದಿಟ್ಟಂತೆ ಆಗುತ್ತದೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದರೆ ಸೈಕಲ್ಲು ಇನ್ನೂ ಹೆಚ್ಚು ಅಲುಗುತ್ತದೆ ಎಂಬುದನ್ನು ನಾನು ಈ ರಸ್ತೆಯಲ್ಲಿ ಕಲಿತೆ. ಮೊಣಕೈ ಸಡಿಲವಾಗಿರಬೇಕು, ಮೈ ತುಸು ಬಾಗಿರಬೇಕು, ರಸ್ತೆಯ ಅಂಚಿಗೆ ತೀರಾ ಒತ್ತಿಕೊಳ್ಳದೆ ಒಂದು ಮೊಳದಷ್ಟು ಜಾಗವನ್ನು ಗಾಳಿಗಾಗಿ ಬಿಟ್ಟುಕೊಂಡಿರಬೇಕು. ತುರುವನೂರು 1939ರಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿದ ಊರು. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಆ ಚಳವಳಿಯಲ್ಲಿ ಸೆರೆಮನೆಗೆ ಹೋದರು. ಊರಿಗೆ ತಲುಪಿದ ಮೊದಲ ದಿನ ನಾನು ರಸ್ತೆಬದಿಯ ಹಳ್ಳಗಳಲ್ಲಿ ಈಚಲು ಮರಗಳನ್ನೇ ಹುಡುಕುತ್ತಾ ಬಂದಿದ್ದೆ. ಅಂಗಡಿಯವರೊಬ್ಬರು, "ಆವಾಗ ಕಡ್ದಿದ್ದು ಸಾರ್, ಇವೆಲ್ಲ ಆಮೇಲೆ ಹುಟ್ಟಿದ್ವು" ಎಂದು ವಿವರಿಸಿದರು.

ಕೆಲಸ ಮುಗಿಸಿ ಬಂದ ಸಂಜೆಗಳಿಗೆ ಚಂದ್ರವಳ್ಳಿ ಸಾಕು. ಊರಿನಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ, ಬೆಟ್ಟಗಳ ಮಡಿಲಲ್ಲಿರುವ ಕೆರೆ. ಬಂಡೆಗಳು ಸುತ್ತಲೂ ಕಾಪಾಡುವುದರಿಂದ ಆಷಾಢದಲ್ಲಿಯೂ ಅಲ್ಲಿನ ನೀರು ಹಲವು ಸಂಜೆ ಕದಲದೆ ಇರುತ್ತದೆ. ಕದಂಬರ ಮಯೂರಶರ್ಮನ ಶಾಸನ ಇರುವ ಬಂಡೆ ಇಲ್ಲಿದೆ. ಅದು ಹೇಳುವುದೂ ಕೆರೆಯೊಂದನ್ನು ಕಟ್ಟಿಸಿದ ವಿಷಯವನ್ನೇ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು, ಈ ನೆಲದಲ್ಲಿ ರೋಮನ್ ನಾಣ್ಯಗಳೂ ದೊರೆತಿವೆ. ಗಾಳಿಯಿಲ್ಲದ, ನೀರಿರುವ, ಬಂಡೆಯ ಆಸರೆಯಿರುವ ಈ ಮೂಲೆಯನ್ನು ಜನ ಎರಡು ಸಾವಿರ ವರ್ಷಗಳ ಹಿಂದೆಯೇ ಆರಿಸಿಕೊಂಡಿದ್ದರು ಎಂಬುದು, ಮರೆಯ ರಸ್ತೆಗಳನ್ನು ಹುಡುಕುತ್ತಾ ತಿಂಗಳುಗಟ್ಟಲೆ ಅಲೆದ ನನಗೆ ಬಹಳ ಹತ್ತಿರದ ಸಂಗತಿಯಾಗಿ ಕಂಡಿತು.

ಜೋಗಿಮಟ್ಟಿಯ ಬಗ್ಗೆ ಕೇಳುವವರಿಗೆ ನಾನು ಹೇಳುವುದು ಕಡಿಮೆ. ಆಡುಮಲ್ಲೇಶ್ವರದ ಪಕ್ಕದಿಂದ ಹತ್ತುವ ಆ ರಸ್ತೆ ಅರಣ್ಯ ಇಲಾಖೆಯದು. ಅದು ಕರಡಿ, ಚಿರತೆಗಳಿರುವ ವನ್ಯಜೀವಿಧಾಮ. ಗೇಟಿನಲ್ಲಿ ಕೇಳಿ, ಅವರು ಬಿಟ್ಟ ಹೊತ್ತಿನಲ್ಲಿ, ಅವರು ಬಿಟ್ಟಷ್ಟು ದೂರ ಹೋಗಬೇಕು. ಮುಸ್ಸಂಜೆ, ಮುಂಜಾವಿನ ಸಾಹಸ ಅಲ್ಲಿ ಸಲ್ಲದು. ಏರು ಬಲವಾದದ್ದು. ನೆತ್ತಿಯಲ್ಲಿ ಗಾಳಿ ಮನುಷ್ಯನನ್ನು ನಿಲ್ಲಗೊಡುವುದಿಲ್ಲ, ಇಳಿಯುವಾಗ ಬ್ರೇಕಿನ ರಬ್ಬರು ಕಾದ ವಾಸನೆ ಬರುತ್ತದೆ. ನಾನು ಎರಡು ಬಾರಿ ಹೋಗಿದ್ದೇನೆ, ಎರಡು ಬಾರಿಯೂ ಹಿಂದಿನ ದಿನವೇ ಬ್ರೇಕ್ ಕೇಬಲ್ಲನ್ನು ಬಿಗಿಗೊಳಿಸಿಕೊಂಡು ಹೋಗಿದ್ದೇನೆ.

ಮುಳ್ಳಿನ ವಿಷಯಕ್ಕೆ ಬರೋಣ, ಏಕೆಂದರೆ ಬಯಲುಸೀಮೆಯ ದಾರಿಗಳನ್ನು ಆರಿಸುವಾಗ ಗಾಳಿಯ ನಂತರದ ಸ್ಥಾನ ಅದರದು. ಮಂಡ್ಯದಲ್ಲಿ ವರ್ಷಕ್ಕೆ ಎರಡೋ ಮೂರೋ ಪಂಕ್ಚರ್ ಆಗುತ್ತಿದ್ದವು. ಇಲ್ಲಿ ಮೊದಲ ಎರಡು ತಿಂಗಳಲ್ಲಿಯೇ ಹನ್ನೊಂದಾದವು. ರಸ್ತೆಬದಿಯಲ್ಲಿ ದಟ್ಟವಾಗಿ ಬೆಳೆಯುವ ಬಳ್ಳಾರಿ ಜಾಲಿಯನ್ನು ಜನ ಸೌದೆಗೂ ಬೇಲಿಗೂ ಕಡಿದು ರಸ್ತೆಯ ಮೇಲೆಯೇ ಎಳೆದುಕೊಂಡು ಹೋಗುತ್ತಾರೆ. ಉದುರಿದ ಮುಳ್ಳುಗಳು ತಿಂಗಳುಗಟ್ಟಲೆ ಅಂಚಿನಲ್ಲಿರುತ್ತವೆ. ಅದಕ್ಕಿಂತಲೂ ಕೆಟ್ಟದ್ದು ನೆಗ್ಗಿಲ ಮುಳ್ಳು. ಮಳೆಗಾಲದಲ್ಲಿ ಪುಟ್ಟ ಹಳದಿ ಹೂ ಬಿಟ್ಟು ನೆಲಕ್ಕೆ ಅಂಟಿಕೊಂಡು ಹರಡುವ ಈ ಬಳ್ಳಿಯ ಕಾಯಿ ಒಣಗಿ ಒಡೆದಾಗ, ಪ್ರತಿ ತುಂಡೂ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಚಾಚಿರುವಂತೆ ನಿಲ್ಲುತ್ತದೆ. ಟೀ ಕುಡಿಯಲೆಂದು ಸೈಕಲ್ಲನ್ನು ಮಣ್ಣಿನ ಬದಿಗೆ ಇಳಿಸಿದರೆ ಸಾಕು, ಒಂದೇ ಸಲಕ್ಕೆ ನಾಲ್ಕಾರು ಮುಳ್ಳು ಟೈರಿಗೆ ಅಂಟಿಕೊಂಡಿರುತ್ತವೆ. ನಾನು ಈಗ ಡಾಂಬರಿನಿಂದ ಇಳಿಯಬೇಕಾದರೆ ಸೈಕಲ್ಲನ್ನು ಎತ್ತಿ ಹಿಡಿದು ನಡೆಯುತ್ತೇನೆ. ಪಂಕ್ಚರ್ ಹಾಕುವಾಗ ಟ್ಯೂಬಿಗೆ ತೇಪೆ ಹಚ್ಚಿ ಮುಗಿಸದೆ, ಟೈರಿನ ಒಳಮೈಯಲ್ಲಿ ಒಂದು ಹತ್ತಿಯ ಬಟ್ಟೆಯನ್ನು ಸುತ್ತಲೂ ಎಳೆದು ನೋಡಬೇಕು. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಮುರಿದ ಮುಳ್ಳಿನ ಮೊನೆ ಕುಳಿತಿರುತ್ತದೆ. ಅದನ್ನು ತೆಗೆಯದೆ ಗಾಳಿ ತುಂಬಿದ್ದರಿಂದಲೇ ನನ್ನ ಹನ್ನೊಂದರಲ್ಲಿ ನಾಲ್ಕು ಪಂಕ್ಚರ್‌ಗಳು ಆದದ್ದು. ಗೇರ್ ಸೈಕಲ್ಲುಗಳ ಕೆಲವು ಟ್ಯೂಬುಗಳಲ್ಲಿರುವ ಸಪೂರ ಪ್ರೆಸ್ಟಾ ವಾಲ್ವಿಗೆ ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಹೊಂದುವುದಿಲ್ಲ. ಬೆರಳ ತುದಿಯಷ್ಟು ಚಿಕ್ಕದಾದ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡರೆ ಆ ಅಂಗಡಿಗಳೆಲ್ಲವೂ ನಮ್ಮ ಆಸರೆಯಾಗುತ್ತವೆ.

ಆಗ್ನೇಯಕ್ಕೆ ಸುಮಾರು ಹದಿನಾರು ಕಿಲೋಮೀಟರ್ ದೂರದ ಮರಡಿಹಳ್ಳಿಗೆ ನಾನು ಹೋದದ್ದು ಅಕ್ಟೋಬರ್‌ನಲ್ಲಿ. ಹಿರಿಯೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ವೇಗದ ವಾಹನಗಳ ದಾರಿ. ಸೈಕಲ್ಲಿನವರು ಸರ್ವಿಸ್ ರಸ್ತೆಗಳನ್ನೂ ಒಳದಾರಿಗಳನ್ನೂ ಬಿಟ್ಟು ಬೇರೆಡೆ ಹೋಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಅದಕ್ಕಾಗಿ ನಾಲ್ಕು ಕಿಲೋಮೀಟರ್ ಸುತ್ತಬೇಕಾದರೂ ಸರಿಯೆ. ಅಂದು ಅಂಥ ಒಂದು ತಿರುವಿನಲ್ಲಿ ಫ್ಯಾನಿನ ಒಂದೇ ಒಂದು ರೆಕ್ಕೆಯನ್ನು ಹೊತ್ತ ಉದ್ದನೆಯ ಟ್ರೇಲರ್ ಹಾದುಹೋಗಲು ಅರ್ಧ ಗಂಟೆ ಹಿಡಿಯಿತು. ಬೆಟ್ಟದ ಮೇಲೆ ಹಗುರವಾಗಿ ತೇಲುವಂತೆ ಕಾಣುವ ಆ ರೆಕ್ಕೆ ರಸ್ತೆಯ ಮಟ್ಟದಲ್ಲಿ ಒಂದು ಓಣಿಯಷ್ಟು ಉದ್ದವಿತ್ತು. ಹಳ್ಳಿಯವರೆಲ್ಲ ಹೊರಗೆ ಬಂದು, ಚಾಲಕನಿಗೆ ಎಡ, ಬಲ ಎಂದು ಕೂಗಿ ದಾರಿ ತೋರಿಸುತ್ತಿದ್ದರು. ಮರಡಿಹಳ್ಳಿಯಲ್ಲಿ ನೋಡಬೇಕಾದದ್ದು ದಿಂಬು ಲಾವಾ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ, ತಣ್ಣೀರು ತಾಗಿದೊಡನೆ ಹೊರಮೈ ಗಟ್ಟಿಯಾಗಿ, ಒಂದರ ಮೇಲೊಂದು ಒಟ್ಟಿದ ದಿಂಬುಗಳ ಆಕಾರದಲ್ಲಿ ಕಲ್ಲಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಎಲ್ಲಿ ನೋಡಿದರೂ ಒಣ ನೆಲವಿರುವ, ಮಳೆನೆರಳಿನ ಈ ಸೀಮೆಯಲ್ಲಿ ಬಾಟಲಿಯ ಕೊನೆಯ ಗುಟುಕು ನೀರನ್ನು ಕುಡಿಯುತ್ತಾ, ಸಮುದ್ರದ ತಳವಾಗಿದ್ದ ಕಲ್ಲಿನ ಮೇಲೆ ಕೈಯಿಟ್ಟು ನಿಂತದ್ದು ನನಗೆ ಈ ವರ್ಷದ ಮರೆಯಲಾಗದ ಗಳಿಗೆ. ಆದರೂ ಹೇಳುತ್ತೇನೆ, ಎರಡು ಬಾಟಲಿ ನೀರು ಸಾಲದು, ಮೂರು ಬೇಕು.

ಅದೇ ತಿಂಗಳ ಕೊನೆಯ ಹೊತ್ತಿಗೆ ಹಳ್ಳಿ ರಸ್ತೆಗಳ ರೂಪವೇ ಬೇರೆಯಾಯಿತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿ ಅಂಚಿಗೆ ಕಲ್ಲಿಟ್ಟಿರುತ್ತಾರೆ. ಡಿಸೆಂಬರ್ ಬಂದರೆ ವಾಹನಗಳ ಚಕ್ರಕ್ಕೆ ಸಿಕ್ಕಿ ಕಾಳು ಬೇರ್ಪಡಲೆಂದು ರಾಗಿ, ಹುರುಳಿಯ ಕಂತೆಗಳನ್ನು ರಸ್ತೆಗೇ ಹರಡುತ್ತಾರೆ. ಹುರುಳಿಯ ಬಳ್ಳಿ ಸೈಕಲ್ಲಿನ ಚೈನಿಗೆ, ಹಿಂದಿನ ಗೇರಿನ ಹಲ್ಲುಗಳಿಗೆ ಸುತ್ತಿಕೊಂಡರೆ ಬಿಡಿಸಲು ಬಹಳ ಹೊತ್ತು ಬೇಕು, ಎಳೆದರೆ ಗೇರೇ ಮುರಿಯುವ ಅಪಾಯ. ಅಲ್ಲಿ ಇಳಿದು ನಡೆಯುವುದೇ ಸರಿ. ಇಳಿದು ನಡೆದವನನ್ನು ಒಕ್ಕಣೆಯವರು ಮಾತನಾಡಿಸುತ್ತಾರೆ, ಒಮ್ಮೆ ಒಬ್ಬ ತಾಯಿ ಸೆರಗಿನಿಂದ ಒಂದು ಹಿಡಿ ಹಸಿ ಶೇಂಗಾ ತೆಗೆದು ಕೈಗಿಟ್ಟು, "ತಿನ್ಕಂಡ್ ಹೋಗಪ್ಪ, ಬಿಸ್ಲು" ಎಂದರು. ಕುರಿಹಿಂಡು ಎದುರಾದಾಗಲೂ ಬೆಲ್ ಹೊಡೆಯದೆ ಒಂದು ಬದಿಗೆ ನಿಂತುಬಿಟ್ಟರೆ ಹಿಂಡು ತಾನಾಗಿಯೇ ಎರಡಾಗಿ ಸೀಳಿ ಹಾದುಹೋಗುತ್ತದೆ. ನುಗ್ಗಿದರೆ ಬೆದರಿದ ಕುರಿಗಳನ್ನು ಕೂಡಿಸಲು ಕಾಯುವವರಿಗೆ ಅರ್ಧ ದಿನದ ಕೆಲಸವಾಗುತ್ತದೆ.

ನವೆಂಬರ್ ಎರಡನೆಯ ವಾರದ ಒಂದು ಬೆಳಿಗ್ಗೆ ಎಂದಿನಂತೆ ಮಾಳಿಗೆ ಹತ್ತಿದಾಗ ನನಗೆ ಮೊದಲು ಏನು ಬದಲಾಗಿದೆ ಎಂದು ತಿಳಿಯಲಿಲ್ಲ. ಐದು ತಿಂಗಳಿಂದ ಬೆಟ್ಟಸಾಲಿನ ಫ್ಯಾನುಗಳು ನಮ್ಮ ಊರಿಗೆ ಬೆನ್ನು ಹಾಕಿ ನಿಂತಿದ್ದನ್ನೇ ನೋಡಿದ್ದೆ. ಅಂದು ಅವೆಲ್ಲವೂ ನಮ್ಮ ಕಡೆಗೆ ಮುಖ ಮಾಡಿದ್ದವು. ಗಾಳಿ ಈಗ ಮೂಡಣದಿಂದ ಬೀಸುತ್ತಿತ್ತು. ಹಿಂಗಾರಿನೊಂದಿಗೆ ಪೂರ್ವ, ಈಶಾನ್ಯಗಳಿಂದ ಗಾಳಿ ಬರುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೆ. ಅದು ಒಂದು ಬೆಟ್ಟಸಾಲಿನ ಉದ್ದಕ್ಕೂ ಕಣ್ಣೆದುರು ಕಾಣುವಂತಿರುತ್ತದೆ ಎಂದು ಎಣಿಸಿರಲಿಲ್ಲ. ಹೆಂಡತಿಯನ್ನು ಕೂಗಿ ಕರೆದೆ, ಅವಳೂ ಮಾಳಿಗೆಗೆ ಬಂದು ಬಹಳ ಹೊತ್ತು ನೋಡಿದಳು. ಆ ಭಾನುವಾರ ನಾನು ಜೂನ್‌ನಲ್ಲಿ ನನ್ನನ್ನು ಬಳಲಿಸಿದ ಅದೇ ಚಳ್ಳಕೆರೆಯ ರಸ್ತೆಗೆ ಹೊರಟೆ. ಹೋಗುವಾಗ ತಣ್ಣನೆಯ, ಮೃದುವಾದ ಎದುರುಗಾಳಿ. ಬರುವಾಗ ಅದೇ ನೂಕಿಕೊಂಡು ಬಂದು ಮನೆಗೆ ಬಿಟ್ಟಿತು. ಗೂಡಂಗಡಿಯ ಬೆಂಚಿನ ಮೇಲೆ ಯಜಮಾನರು ಇರಲಿಲ್ಲ, ಸಂತೆಗೆ ಹೋಗಿದ್ದರಂತೆ. ಹೀಗೆ ನನ್ನ ನೋಟ್‌ಬುಕ್ಕಿನಲ್ಲಿ ಈಗ ಎರಡು ಭಾಗಗಳಿವೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ದಾರಿಗಳು, ನವೆಂಬರ್‌ನಿಂದ ಫೆಬ್ರುವರಿವರೆಗೆ ಪೂರ್ವದವು.

ಜನವರಿಯಲ್ಲಿ ಒಮ್ಮೆ ಹಿರಿಯೂರು ದಾಟಿ ವಾಣಿವಿಲಾಸ ಸಾಗರದವರೆಗೆ ಹೋಗಿ, ಅಲ್ಲಿ ಉಳಿದು, ಮರುದಿನ ಬಂದೆ. ಇಲ್ಲಿಯವರು ಅದನ್ನು ಮಾರಿಕಣಿವೆ ಎಂದೇ ಕರೆಯುವುದು. ಎರಡು ಬೆಟ್ಟಗಳು ಕೂಡುವಂತೆ ಹತ್ತಿರ ಬಂದು ಬಿಟ್ಟ ಸಂದಿನಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲಾರಂಭಿಸಿದ ಅಣೆಕಟ್ಟು; 130 ಅಡಿ ತುಂಬಿ ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಬಾರಿ 89 ವರ್ಷಗಳ ಬಳಿಕ 2022ರಲ್ಲಿ. ಸಂದುಗಳ ಬಗ್ಗೆ ನಾನು ಕಲಿತದ್ದು ಇಲ್ಲಿಯೂ ನಿಜವಾಯಿತು: ಕಟ್ಟೆಯ ಮೇಲೆ ನಿಂತಾಗ ಬಯಲಿನಲ್ಲಿ ಇಲ್ಲದ ಗಾಳಿ ಅಲ್ಲಿತ್ತು.

ನಕ್ಷೆಯಲ್ಲಿ ಗುರುತು ಹಾಕಿಯೂ ಇನ್ನೂ ಹೋಗದ ದಾರಿ ಒಂದಿದೆ, ಸಂತೆಬೆನ್ನೂರಿನ ಪುಷ್ಕರಣಿಯದು. ಅದು ಪಶ್ಚಿಮಕ್ಕಿದೆ, ಭೀಮಸಮುದ್ರಕ್ಕಿಂತ ದೂರ. ಈಗ ಹೊರಟರೆ ಹೋಗುವಾಗ ಗಾಳಿ ನೂಕುತ್ತದೆ, ದಣಿದು ಹಿಂದಿರುಗುವಾಗ ಎದುರಾಗುತ್ತದೆ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ 'ಜೂನ್, ಫ್ಯಾನು ತಿರುಗಿದ ಮೇಲೆ' ಎಂದು ಬರೆದಿಟ್ಟಿದ್ದೇನೆ.